ಉಗ್ರಾಣದ ದಾರಿ

ನಮ್ಮದು ಕಲಾ ಕಾಲೇಜು. ಇತಿಹಾಸ, ಅರ್ಥಶಾಸ್ತ್ರ, ಸಾಹಿತ್ಯಗಳನ್ನು ಓದುವ ನಮಗೆ ಕಂಪ್ಯೂಟರಿನ ಹೊಟ್ಟೆಯೊಳಗಿನ ಮಾತು ಏತಕ್ಕೆ ಎಂದು ಸಹಪಾಠಿಗಳು ಹುಬ್ಬೇರಿಸಬಹುದು. ಆದರೆ ನಮ್ಮ ಅಂಕಪಟ್ಟಿ, ಹಿರಿಯರ ಬ್ಯಾಂಕಿನ ಲೆಕ್ಕ, ಹೊಲದ ಪಹಣಿ, ಆಸ್ಪತ್ರೆಯ ವರದಿ ಇವೆಲ್ಲವೂ ಇಂದು ಕಾಗದವನ್ನು ಬಿಟ್ಟು ಯಂತ್ರದಲ್ಲಿ ಹೋಗಿ ಕುಳಿತಿವೆ. ಅವು ಕುಳಿತಿರುವ ಸ್ಥಳ ಎಂತಹುದು, ಅಲ್ಲಿಗೆ ಹೋಗುವ ದಾರಿ ಯಾವುದು, ದಾರಿ ಕೆಟ್ಟಾಗ ಅದನ್ನು ಸರಿಮಾಡುವವರು ಏನು ಮಾಡುತ್ತಾರೆ ಎಂಬುದನ್ನು ತಿಳಿಯುವುದು ಓದುಬರಹ ಬಲ್ಲವರಿಗೆ ಅನಾವಶ್ಯಕವಾದ ಸಂಗತಿಯೇನೂ ಅಲ್ಲ.

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಬೆಂಗಳೂರಿನಲ್ಲಿ ಸೋದರಮಾವನವರ ಮನೆಯಲ್ಲಿದ್ದೆ. ಅವರು ಒಂದು ದೊಡ್ಡ ಆಸ್ಪತ್ರೆಯ ಕಂಪ್ಯೂಟರು ಕೋಣೆಯಲ್ಲಿ ರಾತ್ರಿಪಾಳಿಯ ಕೆಲಸದಲ್ಲಿದ್ದಾರೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಒಂದು ರಾತ್ರಿ ಮೇಲಿನವರ ಅಪ್ಪಣೆ ಪಡೆದು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಆ ರಾತ್ರಿ ಕಣ್ಣಾರೆ ಕಂಡದ್ದನ್ನೂ, ಅನಂತರ ಓದಿ ಕೇಳಿ ತಿಳಿದುದನ್ನೂ ಸೇರಿಸಿ ಈ ಲೇಖನವನ್ನು ಬರೆದಿದ್ದೇನೆ.

ಮೊದಲು ಉಗ್ರಾಣದ ಮಾತು. ನಾಲ್ಕು ಜನರ ಸಂಸಾರದಲ್ಲಿ ಅಕ್ಕಿ ಬೇಳೆಯ ಡಬ್ಬಿಗಳು ಅಡುಗೆಮನೆಯಲ್ಲಿಯೇ ಇರುತ್ತವೆ. ಸಾವಿರ ಎಲೆ ಹಾಕುವ ಮಠದಲ್ಲಿಯಾಗಲಿ ಮದುವೆಯ ಛತ್ರದಲ್ಲಿಯಾಗಲಿ ಹಾಗೆ ನಡೆಯದು. ಅಲ್ಲಿ ಉಗ್ರಾಣವೇ ಬೇರೆ. ಎಷ್ಟು ಒಲೆಗಳಿದ್ದರೂ ಸಾಮಾನು ಅಲ್ಲಿಂದಲೇ ಬರಬೇಕು. ನಮ್ಮ ಮೇಜಿನ ಮೇಲಿನ ಕಂಪ್ಯೂಟರು ಮೊದಲನೆಯ ಬಗೆಯದು: ಅದರ ಡಿಸ್ಕು ಅದರೊಳಗೇ ಇದೆ. ದೊಡ್ಡ ಸಂಸ್ಥೆಗಳಲ್ಲಿ ಎರಡನೆಯ ಬಗೆ. ಕೆಲಸ ಮಾಡುವ ಯಂತ್ರಗಳು, ಎಂದರೆ ಸರ್ವರುಗಳು, ಒಂದು ಕಡೆ. ನೂರಾರು ಡಿಸ್ಕುಗಳನ್ನು ಒಟ್ಟುಗೂಡಿಸಿದ ಕಪಾಟು ಇನ್ನೊಂದು ಕಡೆ. ಎರಡಕ್ಕೂ ನಡುವೆ ಈ ಕೆಲಸಕ್ಕೆಂದೇ ಮೀಸಲಾದ ಒಂದು ಜಾಲ. ಇದಕ್ಕೆ ಸ್ಟೋರೇಜ್ ಏರಿಯಾ ನೆಟ್‌ವರ್ಕ್ ಎಂದು ಹೆಸರು. ಕೆಲಸದವರು ಚಿಕ್ಕದಾಗಿ 'ಸ್ಯಾನ್' ಎನ್ನುತ್ತಾರೆ. ಒಂದು ಸರ್ವರು ಕೆಟ್ಟುಹೋದರೂ ಉಗ್ರಾಣದಲ್ಲಿದ್ದುದು ಹಾಗೆಯೇ ಇರುತ್ತದೆ. ಇನ್ನೊಂದು ಸರ್ವರು ಅದನ್ನು ಎತ್ತಿಕೊಂಡು ಕೆಲಸವನ್ನು ಮುಂದುವರಿಸಬಹುದು. ಇದೇ ಈ ಏರ್ಪಾಟಿನ ಮುಖ್ಯ ಲಾಭ.

ಈ ಜಾಲದಲ್ಲಿ ಬಹಳವಾಗಿ ಬಳಕೆಯಲ್ಲಿರುವ ಪದ್ಧತಿಗೆ ಫೈಬರ್ ಚಾನೆಲ್ ಎಂದು ಹೆಸರು. ಇದರ ರಚನೆ ೧೯೮೮ರಲ್ಲಿ ಆರಂಭವಾಗಿ, ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಇದಕ್ಕೆ ೧೯೯೪ರಲ್ಲಿ ಒಪ್ಪಿಗೆಯ ಮುದ್ರೆ ಹಾಕಿತು. ಕೂದಲಿನಷ್ಟು ತೆಳುವಾದ ಗಾಜಿನ ಎಳೆಯ ಮೂಲಕ ಬೆಳಕಿನ ಮಿಣುಕಾಗಿ ಸುದ್ದಿ ಹರಿಯುವುದು ಇದರ ಸಾಮಾನ್ಯ ಕ್ರಮ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು. ಈ ಪದ್ಧತಿಯ '೧ ಗಿಗಾಬಿಟ್' ಎಂದು ಕರೆಯುವ ತಲೆಮಾರಿನ ಯಂತ್ರಗಳು ಒಂದು ದಿಕ್ಕಿನಲ್ಲಿ ಸೆಕೆಂಡಿಗೆ ೧೦೦ ಮೆಗಾಬೈಟಿನಷ್ಟು ಸಾಗಿಸುತ್ತಿದ್ದುವು. '೮ ಗಿಗಾಬಿಟ್' ಎಂದು ಕರೆಯುವ ತಲೆಮಾರು ೮೦೦ ಮೆಗಾಬೈಟನ್ನೂ, '೧೬ ಗಿಗಾಬಿಟ್' ಎಂದು ಕರೆಯುವುದು ೧,೬೦೦ ಮೆಗಾಬೈಟನ್ನೂ ಸಾಗಿಸುತ್ತದೆ. ಆಮೇಲೆ ೩೨ ಮತ್ತು ೬೪ ಗಿಗಾಬಿಟ್ಟಿನವೂ ಬಂದಿವೆ.

ವೇಗಕ್ಕಿಂತಲೂ ನನಗೆ ಸೊಗಸಾಗಿ ಕಂಡುದು ಇದರ ಶಿಸ್ತು. ಇಲ್ಲಿ ಸುದ್ದಿಯನ್ನು ಸಣ್ಣ ಸಣ್ಣ ಮೂಟೆಗಳಾಗಿ ಕಟ್ಟಿ ಕಳುಹಿಸುತ್ತಾರೆ. ಒಂದು ಮೂಟೆಯಲ್ಲಿ ೨,೧೧೨ ಬೈಟಿಗಿಂತ ಹೆಚ್ಚು ಸರಕು ಹಿಡಿಯದು. ಕಳುಹಿಸುವವನು ತನಗೆ ಇಷ್ಟ ಬಂದಂತೆ ಕಳುಹಿಸುವಂತಿಲ್ಲ. 'ನನ್ನಲ್ಲಿ ಇಷ್ಟು ಮೂಟೆಗಳಿಗೆ ಸ್ಥಳವಿದೆ' ಎಂದು ಪಡೆಯುವವನು ಮೊದಲೇ ತಿಳಿಸಿರುತ್ತಾನೆ. ಅಷ್ಟು ಮೂಟೆ ಕಳುಹಿಸಿದ ಮೇಲೆ ನಿಲ್ಲಬೇಕು. ಅತ್ತ ಕಡೆ ಒಂದು ಸ್ಥಳ ತೆರವಾಗಿ ಒಂದು ರಹದಾರಿ ಹಿಂದಿರುಗಿ ಬಂದರೆ ಇನ್ನೊಂದು ಮೂಟೆ ಹೊರಡಬಹುದು. ಹೀಗಾಗಿ ಸ್ಥಳವಿಲ್ಲದೆ ಸರಕು ಬೀದಿಪಾಲಾಗುವ ಸಂಭವ ಕಡಮೆ. ಮೇಲಾಗಿ ಪ್ರತಿಯೊಂದು ಮೂಟೆಗೂ ತೂಕದ ಚೀಟಿಯಂತೆ ಒಂದು ತಾಳೆಯ ಸಂಖ್ಯೆ ಅಂಟಿಸಿರುತ್ತದೆ; ಇದನ್ನು 'ಸಿ.ಆರ್.ಸಿ.' ಎನ್ನುತ್ತಾರೆ. ಪಡೆದವನು ಮತ್ತೆ ಲೆಕ್ಕ ಹಾಕಿ, ಸಂಖ್ಯೆ ತಾಳೆಯಾಗದಿದ್ದರೆ ಆ ಮೂಟೆಯನ್ನು ಎಸೆದುಬಿಡುತ್ತಾನೆ. ಈ ತಾಳೆಯ ಸಂಖ್ಯೆಯ ವಿಚಾರವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಕೆಲಸಕ್ಕೆ ಬರುತ್ತದೆ.

ಇನ್ನು ಅಡಾಪ್ಟರಿನ ಮಾತು. ಸರ್ವರಿನಿಂದ ಉಗ್ರಾಣದ ದಾರಿಗೆ ತೆರೆಯುವ ಬಾಗಿಲೇ ಅಡಾಪ್ಟರು. ಇದು ಸರ್ವರಿನಲ್ಲಿ ಸಿಕ್ಕಿಸಿದ ಒಂದು ಕಾರ್ಡು. ಇದರ ಪೂರ್ಣ ಹೆಸರು ಹೋಸ್ಟ್ ಬಸ್ ಅಡಾಪ್ಟರ್. ಒಂದು ಕಾರ್ಡಿನಲ್ಲಿ ಒಂದೋ ಎರಡೋ ನಾಲ್ಕೋ ಬಾಗಿಲುಗಳು, ಎಂದರೆ ಪೋರ್ಟುಗಳು, ಇರಬಹುದು. ಕ್ಯೂಲಾಜಿಕ್ ಮತ್ತು ಎಮ್ಯುಲೆಕ್ಸ್ ಎಂಬ ಎರಡು ಹೆಸರಿನ ಕಾರ್ಡುಗಳೇ ಹೆಚ್ಚಾಗಿ ಕಾಣಸಿಗುವುವು. ಪ್ರತಿಯೊಂದು ಪೋರ್ಟಿಗೂ ತಯಾರಕರು ಜಗತ್ತಿನಲ್ಲಿ ಇನ್ನೊಂದಕ್ಕೆ ಇಲ್ಲದ ಹೆಸರನ್ನು ಕೊಟ್ಟಿರುತ್ತಾರೆ. ಅದು ೮ ಬೈಟುಗಳ ಒಂದು ಸಂಖ್ಯೆ. ಹದಿನಾರರ ಎಣಿಕೆಯಲ್ಲಿ ಬರೆದರೆ ೧೬ ಅಕ್ಷರಗಳಾಗುತ್ತವೆ. ವರ್ಲ್ಡ್ ವೈಡ್ ಪೋರ್ಟ್ ನೇಮ್ ಎಂದು ಇದಕ್ಕೆ ಹೆಸರು. ಉಗ್ರಾಣದ ಅಧಿಕಾರಿ 'ಈ ಹೆಸರಿನವರಿಗೆ ಈ ಡಿಸ್ಕನ್ನು ಕೊಡು' ಎಂದು ಪಟ್ಟಿ ಬರೆಯುವುದು ಈ ಹೆಸರನ್ನು ನೋಡಿಯೇ.

ಒಂದೇ ಬಾಗಿಲನ್ನು ನೆಚ್ಚಿಕೊಂಡು ದೊಡ್ಡ ಕೆಲಸ ನಡೆಸುವುದು ಅಪಾಯ. ಆದುದರಿಂದ ಪ್ರತಿಯೊಂದು ಸರ್ವರಿಗೂ ಎರಡು ದಾರಿಗಳನ್ನಾದರೂ ಮಾಡಿರುತ್ತಾರೆ. ಎರಡು ಪೋರ್ಟು, ಎರಡು ಕೇಬಲು, ಎರಡು ಸ್ವಿಚ್ಚು. ಒಂದು ಕೆಟ್ಟರೆ ಇನ್ನೊಂದು. ಇವೆರಡೂ ಹೋಗಿ ಸೇರುವುದು ಒಂದೇ ಡಿಸ್ಕಿಗೆ ಎಂದು ಅರಿತು ಸಂಚಾರವನ್ನು ಹಂಚುವ ಮೇಸ್ತ್ರಿಗೆ 'ಮಲ್ಟಿಪಾತ್' ಎಂದು ಹೆಸರು.

ಆಸ್ಪತ್ರೆಯ ಸರ್ವರುಗಳು ನಡೆಯುವುದು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ. ಇದನ್ನು ೧೯೯೧ರಲ್ಲಿ ಆರಂಭಿಸಿದಾತ ಲಿನಸ್ ಟೋರ್ವಾಲ್ಡ್ಸ್; ಆತ ಆಗ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಎಂಬುದನ್ನು ನಮ್ಮಂತಹ ವಿದ್ಯಾರ್ಥಿಗಳು ಗಮನಿಸಬೇಕು. ೨೦೦೩ನೆಯ ಡಿಸೆಂಬರಿನಲ್ಲಿ ಹೊರಬಂದ ೨.೬ನೆಯ ಆವೃತ್ತಿಯಿಂದ ಲಿನಕ್ಸಿನಲ್ಲಿ ಒಂದು ಸೊಗಸಾದ ಅನುಕೂಲವಿದೆ. 'ಸಿಸ್' ಎಂಬ ಹೆಸರಿನ ಕಡತಕೋಶವೊಂದನ್ನು ತೆರೆದರೆ ಯಂತ್ರದ ಅಂಗಾಂಗಗಳೆಲ್ಲವೂ ಸಣ್ಣ ಸಣ್ಣ ಕಡತಗಳಾಗಿ ಕಾಣುತ್ತವೆ. ಈ ಕಡತಗಳು ನಿಜವಾಗಿ ಯಾವ ಡಿಸ್ಕಿನ ಮೇಲೂ ಇಲ್ಲ. ನಾವು ಓದಲು ಹೋದ ಗಳಿಗೆಯಲ್ಲಿ ಲಿನಕ್ಸಿನ ತಿರುಳು ಆ ಅಂಗವನ್ನು ವಿಚಾರಿಸಿ ಉತ್ತರ ಬರೆದುಕೊಡುತ್ತದೆ. ಕೆಲವು ಕಡತಗಳಲ್ಲಿ ನಾವೇ ಏನಾದರೂ ಬರೆದರೆ ಅದು ಆ ಅಂಗಕ್ಕೆ ಕೊಟ್ಟ ಅಪ್ಪಣೆಯಾಗುತ್ತದೆ. ವೈದ್ಯನಿಗೆ ನಾಡಿಯೂ ಔಷಧವೂ ಒಂದೇ ಕಡೆ ಸಿಕ್ಕಂತಾಯಿತು.

ಮುಂದೆ ಬರುವ ಆಜ್ಞೆಗಳನ್ನೂ ಕಡತಗಳ ಹೆಸರುಗಳನ್ನೂ ಯಂತ್ರದಲ್ಲಿ ಬರೆಯುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೇ ಬರೆಯಬೇಕು. ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಎರಡು ಮಾತುಗಳ ನಡುವೆ ಅಡಿಗೆರೆ ಇರುವ ಕಡೆ ಅದನ್ನು ಹಾಗೆಯೇ ಉಳಿಸಿದ್ದೇನೆ.

ರಾತ್ರಿ ಒಂದು ಗಂಟೆ ದಾಟಿತ್ತು. ಮೇಲಿನ ಅಂತಸ್ತಿನಿಂದ ದೂರವಾಣಿ ಬಂದಿತು. ಕ್ಷಕಿರಣದ ಚಿತ್ರಗಳು ತೆರೆಯುತ್ತಿಲ್ಲ. ಕೆಲವು ತಟ್ಟನೆ ಬರುತ್ತವೆ, ಕೆಲವು ಅರ್ಧ ನಿಮಿಷ ಕಾಯಿಸುತ್ತವೆ ಎಂದು ದೂರು. ಮಾವನವರು ಆ ಸರ್ವರಿನ ಮುಂದೆ ಕುಳಿತರು. ನನಗೆ ತಿಳಿದಿದ್ದ ವೈದ್ಯ ಒಂದೇ.

"ಒಂದು ಸಲ ಆರಿಸಿ ಹೊತ್ತಿಸಿದರೆ ಸರಿಹೋಗೋದಿಲ್ಲವೆ, ಮಾವ?" ಎಂದೆ.

"ಇದು ಮನೆಯ ರೇಡಿಯೋ ಅಲ್ಲ ಕಣೋ," ಎಂದು ನಕ್ಕರು. "ಮೊದಲು ನೋಡೋಣ. ಆರಿಸಿಬಿಟ್ಟ ಮೇಲೆ ನೋಡೋದಕ್ಕೆ ಏನು ಉಳಿದಿರುತ್ತೆ?"

ಅವರು ನೋಡಿದ ಕ್ರಮ ಹೀಗಿತ್ತು. ಮೊದಲು 'ಎಲ್‌ಎಸ್‌ಪಿಸಿಐ' ಎಂಬ ಆಜ್ಞೆ. ಸರ್ವರಿನಲ್ಲಿ ಸಿಕ್ಕಿಸಿರುವ ಕಾರ್ಡುಗಳ ಪಟ್ಟಿಯನ್ನು ಇದು ಕೊಡುತ್ತದೆ. ಅದರಲ್ಲಿ ಫೈಬರ್ ಚಾನೆಲ್ ಎಂಬ ಮಾತು ಇರುವ ಸಾಲುಗಳನ್ನು ಮಾತ್ರ ಆರಿಸಿಕೊಂಡರು. ಎರಡು ಸಾಲುಗಳಿದ್ದುವು; ಎರಡು ಪೋರ್ಟುಗಳೂ ಯಂತ್ರದ ಕಣ್ಣಿಗೆ ಬಿದ್ದಿವೆ ಎಂದಾಯಿತು. ಇಲ್ಲಿಯೇ ಕಾಣದಿದ್ದರೆ ಕಾರ್ಡು ಸಡಿಲವಾಗಿದೆ ಅಥವಾ ಸತ್ತಿದೆ; ಮುಂದೆ ಹುಡುಕುವುದು ವ್ಯರ್ಥ.

ಆಮೇಲೆ 'ಸಿಸ್' ಒಳಗೆ 'ಕ್ಲಾಸ್', ಅದರೊಳಗೆ 'ಎಫ್‌ಸಿ_ಹೋಸ್ಟ್' ಎಂಬ ಕೋಶಕ್ಕೆ ಹೋದರು. ಪ್ರತಿಯೊಂದು ಪೋರ್ಟಿಗೂ ಅಲ್ಲಿ ಒಂದು ಕೋಶವಿದೆ. ನಾವು ಕಂಡುವು ಹೋಸ್ಟ್ ೧ ಮತ್ತು ಹೋಸ್ಟ್ ೨. ಈ ಸಂಖ್ಯೆಗಳು ಶಾಶ್ವತವಲ್ಲ; ಯಂತ್ರವನ್ನು ಆರಿಸಿ ಹೊತ್ತಿಸಿದರೆ ಬದಲಾಗಬಹುದು. ತರಗತಿಯ ಹಾಜರಿ ಸಂಖ್ಯೆ ವರ್ಷ ವರ್ಷವೂ ಬದಲಾದರೂ ನಮ್ಮ ಹೆಸರು ಬದಲಾಗದಷ್ಟೆ, ಹಾಗೆ. ಆದುದರಿಂದ ಒಳಗಿರುವ 'ಪೋರ್ಟ್_ನೇಮ್' ಎಂಬ ಕಡತವನ್ನು ಓದಿ ಹದಿನಾರು ಅಕ್ಷರದ ಆ ಸ್ಥಿರವಾದ ಹೆಸರನ್ನು ಗುರುತು ಮಾಡಿಕೊಳ್ಳಬೇಕು. ಸಂಖ್ಯೆಯನ್ನು ನಂಬಿ ತಪ್ಪು ಪೋರ್ಟಿಗೆ ಕೈಹಾಕಿದವರು ಹಲವರು ಎಂದು ಮಾವನವರು ಹೇಳಿದರು.

'ಪೋರ್ಟ್_ಸ್ಟೇಟ್' ಎಂಬ ಕಡತ ಪೋರ್ಟಿನ ಸ್ಥಿತಿಯನ್ನು ಹೇಳುತ್ತದೆ. 'ಆನ್‌ಲೈನ್' ಎಂದರೆ ಕೊಂಡಿ ಕೂಡಿದೆ. 'ಲಿಂಕ್‌ಡೌನ್' ಎಂದರೆ ಅತ್ತ ಕಡೆಯಿಂದ ಬೆಳಕಿಲ್ಲ, ಅಥವಾ ಬೆಳಕಿದ್ದರೂ ಮಾತು ಹೊಂದುತ್ತಿಲ್ಲ. 'ಸ್ಪೀಡ್' ಎಂಬುದು ಈಗ ಒಪ್ಪಂದವಾಗಿರುವ ವೇಗ. 'ಸಪೋರ್ಟೆಡ್_ಸ್ಪೀಡ್ಸ್' ಎಂಬುದು ಕಾರ್ಡಿನ ಶಕ್ತಿಗೆ ಸಾಧ್ಯವಾದ ವೇಗಗಳು. ಎಂಟರಲ್ಲಿ ಓಡಬಲ್ಲದ್ದು ಎರಡರಲ್ಲಿ ಓಡುತ್ತಿದ್ದರೆ ಕಾರಣವನ್ನು ಹುಡುಕಬೇಕು. 'ಪೋರ್ಟ್_ಟೈಪ್' ಎಂಬುದು ಪೋರ್ಟು ಸ್ವಿಚ್ಚಿನ ಮೂಲಕ ಜಾಲಕ್ಕೆ ಸೇರಿದೆಯೋ, ಹಳೆಯ ಉಂಗುರದ ಪದ್ಧತಿಯಲ್ಲಿದೆಯೋ ಎಂಬುದನ್ನು ತಿಳಿಸುತ್ತದೆ. ಕಾರ್ಡಿನ ಮಾದರಿ, ಅದರೊಳಗಿನ ಫರ್ಮ್‌ವೇರಿನ ಆವೃತ್ತಿ ಮೊದಲಾದುವು 'ಸ್ಕಸಿ_ಹೋಸ್ಟ್' ಎಂಬ ಪಕ್ಕದ ಕೋಶದಲ್ಲಿ ಸಿಗುತ್ತವೆ. ಕ್ಯೂಲಾಜಿಕ್ಕಿನ ಚಾಲಕದಲ್ಲಿ ಈ ಕಡತಗಳಿಗೆ ಒಂದು ಹೆಸರು, ಎಮ್ಯುಲೆಕ್ಸಿನದರಲ್ಲಿ ಇನ್ನೊಂದು. ಇವನ್ನು ಒಂದೊಂದಾಗಿ ಓದಲು ಬೇಸರವಾದವರಿಗೆ 'ಸಿಸ್‌ಟೂಲ್' ಎಂಬ ಉಪಕರಣವಿದೆ. 'ಎಫ್‌ಸಿ_ಹೋಸ್ಟ್' ವರ್ಗವನ್ನು ವಿವರವಾಗಿ ತೋರಿಸು ಎಂದರೆ ಎಲ್ಲವನ್ನೂ ಒಟ್ಟಿಗೆ ಮುಂದಿಡುತ್ತದೆ.

ಎರಡು ಪೋರ್ಟುಗಳೂ ಆನ್‌ಲೈನ್ ಎಂದೇ ಹೇಳಿದುವು. ವೇಗವೂ ಸರಿಯಾಗಿತ್ತು. ರೋಗ ಎಲ್ಲಿದೆ ಎಂದು ನಾನು ಬೆರಗಾದೆ. ಆಗ ಮಾವನವರು 'ಸ್ಟ್ಯಾಟಿಸ್ಟಿಕ್ಸ್' ಎಂಬ ಒಳಕೋಶವನ್ನು ತೆರೆದರು. ಕೊಂಡಿ ಎಷ್ಟು ಸಲ ಕಡಿಯಿತು, ಬೆಳಕು ಎಷ್ಟು ಸಲ ತಪ್ಪಿತು, ಲಯ ಎಷ್ಟು ಸಲ ತಪ್ಪಿತು, ತಾಳೆಯಾಗದ ಮೂಟೆಗಳೆಷ್ಟು ಎಂಬ ಲೆಕ್ಕಗಳೆಲ್ಲ ಅಲ್ಲಿ ಇವೆ. ಇವು ಹದಿನಾರರ ಎಣಿಕೆಯಲ್ಲಿರುತ್ತವೆ. ಸಾಲಿನ ಉದ್ದಕ್ಕೂ ಎಫ್ ಎಂಬ ಅಕ್ಷರವೇ ಇದ್ದರೆ ಭಯಪಡಬೇಕಾಗಿಲ್ಲ. ಆ ಲೆಕ್ಕವನ್ನು ಆ ಕಾರ್ಡು ಇಡುವುದಿಲ್ಲ ಎಂದು ಅರ್ಥ. ಹೋಸ್ಟ್ ೨ರಲ್ಲಿ 'ಇನ್‌ವ್ಯಾಲಿಡ್_ಸಿಆರ್‌ಸಿ_ಕೌಂಟ್' ಎಂಬುದರಲ್ಲಿ ಒಂದು ಸಂಖ್ಯೆ ಇತ್ತು. ಮಾವನವರು ಅದನ್ನು ಕಾಗದದ ಮೇಲೆ ಬರೆದುಕೊಂಡು ಗಡಿಯಾರ ನೋಡಿ ಸುಮ್ಮನೆ ಕುಳಿತರು.

"ಒಂದು ಸಲ ನೋಡಿದರೆ ಅದು ಎಂದೋ ಆದ ಗಾಯ ಇರಬಹುದು. ಎರಡು ಸಲ ನೋಡಬೇಕು," ಎಂದರು.

ಹತ್ತು ನಿಮಿಷವಾದ ಮೇಲೆ ನೋಡಿದರೆ ಸಂಖ್ಯೆ ಏರಿತ್ತು. ಹೋಸ್ಟ್ ೧ರ ಸಂಖ್ಯೆ ಇದ್ದಲ್ಲಿಯೇ ಇತ್ತು. ರೋಗ ಕೈಗೆ ಸಿಕ್ಕಿತು. ಎರಡನೆಯ ದಾರಿಯಲ್ಲಿ ಬರುವ ಮೂಟೆಗಳು ನಡುದಾರಿಯಲ್ಲಿ ಕೆಡುತ್ತಿವೆ. ಕೆಟ್ಟ ಮೂಟೆಯನ್ನು ಕಾರ್ಡು ಎಸೆಯುತ್ತದೆ. ಕೇಳಿದ್ದು ಬರಲಿಲ್ಲವೆಂದು ಲಿನಕ್ಸು ಕಾಯುತ್ತದೆ. ಡಿಸ್ಕಿನ ಉತ್ತರಕ್ಕಾಗಿ ಅದು ಕಾಯುವ ವಾಡಿಕೆಯ ಗಡುವು ೩೦ ಸೆಕೆಂಡು. ಆಮೇಲೆ ಮತ್ತೆ ಕೇಳುತ್ತದೆ. ವೈದ್ಯರು ಹೇಳಿದ ಅರ್ಧ ನಿಮಿಷ ಇದೇ. ದಾರಿ ಪೂರ್ತಿಯಾಗಿ ಸತ್ತಿದ್ದರೆ ಮೇಸ್ತ್ರಿ ಅದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಿದ್ದ. ಅರೆಜೀವವಾಗಿದ್ದುದರಿಂದಲೇ ಇಷ್ಟು ತೊಂದರೆ.

"ಈಗಲಾದರೂ ಆ ಪೋರ್ಟನ್ನು ರೀಸೆಟ್ ಮಾಡಬಹುದಲ್ಲ, ಮಾವ?" ಎಂದೆ.

"ಬಿಂದಿಗೆ ಸೋರುತ್ತಿದ್ದರೆ ಬಾವಿಗೆ ಎರಡು ಸಲ ಇಳಿಬಿಟ್ಟರೆ ಸೋರೋದು ನಿಲ್ಲುತ್ತೇನೋ?" ಎಂದರು.

ಮೊದಲು 'ಮಲ್ಟಿಪಾತ್ ‑ಎಲ್‌ಎಲ್' ಎಂಬ ಆಜ್ಞೆಯಿಂದ ಮೇಸ್ತ್ರಿಯ ಪಟ್ಟಿಯನ್ನು ತೆಗೆದರು. ಹೋಸ್ಟ್ ೧ರ ಮೂಲಕ ಹೋಗುವ ದಾರಿಗಳೆಲ್ಲ 'ಆಕ್ಟಿವ್, ರೆಡಿ' ಎಂದಿದ್ದುವು. ಅದನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದ ಮೇಲೆಯೇ, ಸ್ವಿಚ್ಚಿನ ಕಡೆಯಿಂದ ಎರಡನೆಯ ಕೊಂಡಿಯನ್ನು ಮುಚ್ಚಿದರು. ಕೆಲವು ಸೆಕೆಂಡುಗಳಲ್ಲಿ ಸಂಚಾರವೆಲ್ಲ ಮೊದಲನೆಯ ದಾರಿಗೆ ತಿರುಗಿತು. ಮೇಲಿನ ಅಂತಸ್ತಿನಿಂದ ಚಿತ್ರಗಳು ಬರುತ್ತಿವೆ ಎಂದು ತಿಳಿಸಿದರು. ಆಮೇಲೆ ಕಪಾಟಿನ ಹಿಂದೆ ಹೋಗಿ ನೋಡಿದರೆ, ಬಾಗಿಲಿನ ಸಂದಿಗೆ ಸಿಕ್ಕಿ ಗಾಜಿನ ಕೇಬಲು ಒತ್ತಿ ಬಾಗಿತ್ತು. ಬಾಗಿದ ಗಾಜಿನ ಎಳೆಯಿಂದ ಬೆಳಕು ಹೊರಕ್ಕೆ ಸೋರಿಹೋಗುತ್ತದೆ. ಹೊಸ ಕೇಬಲನ್ನು ಹಾಕಿದರು.

ಕೇಬಲು ಬದಲಾಯಿಸುವ ಹೊತ್ತಿನಲ್ಲಿ ಮಾವನವರು ಒಂದು ಹಳೆಯ ಕಥೆಯನ್ನು ಹೇಳಿದರು. ಅವರು ಕೆಲಸಕ್ಕೆ ಸೇರಿದ ಹೊಸತು. ಆಗ ಅವರಿದ್ದುದು ಬೇರೊಂದು ಆಸ್ಪತ್ರೆಯಲ್ಲಿ. ಉಗ್ರಾಣದಲ್ಲಿ ಹೊಸದಾಗಿ ಕೊಟ್ಟ ಡಿಸ್ಕೊಂದು ಸರ್ವರಿಗೆ ಕಾಣುತ್ತಿರಲಿಲ್ಲ. 'ಲಿಪ್' ಕೊಟ್ಟರೆ ಕಾಣುತ್ತದೆ ಎಂದು ಯಾರೋ ಹೇಳಿದ್ದರು. ಲಿಪ್ ಎಂದರೆ ಉಂಗುರದ ಪದ್ಧತಿಯ ಕಾಲದಿಂದ ಉಳಿದುಬಂದ ಒಂದು ಸಂಜ್ಞೆ. 'ಎಲ್ಲರೂ ಮೊದಲಿನಿಂದ ಪರಿಚಯ ಹೇಳಿಕೊಳ್ಳಿ' ಎಂದು ಅದರ ಅರ್ಥ. 'ಎಫ್‌ಸಿ_ಹೋಸ್ಟ್' ಕೋಶದಲ್ಲಿ 'ಇಶ್ಯೂ_ಲಿಪ್' ಎಂಬ ಕಡತವಿದೆ. ಅದರಲ್ಲಿ ೧ ಎಂಬ ಅಂಕೆಯನ್ನು ಬರೆದರೆ ಚಾಲಕವು ಆ ಪೋರ್ಟಿನ ಕೊಂಡಿಯನ್ನು ಹೊಸದಾಗಿ ಕೂಡಿಸುತ್ತದೆ. ಆ ಅವಧಿಯಲ್ಲಿ ಆ ದಾರಿಯ ಮೇಲಿನ ಸಂಚಾರ ನಿಲ್ಲಬಹುದು. ಮಾವನವರು ಮೊದಲನೆಯ ಪೋರ್ಟಿಗೆ ಬರೆದರು. ಮರುಕ್ಷಣವೇ ಪರದೆ 'ಮುಂದೇನು' ಎಂಬಂತೆ ಹೊಸ ಸಾಲನ್ನು ತೋರಿಸಿತು. ಕೆಲಸ ಮುಗಿಯಿತೆಂದು ತಿಳಿದು ಎರಡನೆಯ ಪೋರ್ಟಿಗೂ ಬರೆದುಬಿಟ್ಟರು.

ತಪ್ಪಾದದ್ದು ಅಲ್ಲಿಯೇ. ಆ ಆಜ್ಞೆ ಹಿಂದಿರುಗುವುದು ಸಂಜ್ಞೆ ಕೊಟ್ಟ ಕೂಡಲೆ. ಕೆಲಸ ಮುಗಿದ ಮೇಲಲ್ಲ. ಅಂಚೆಪೆಟ್ಟಿಗೆಗೆ ಕಾಗದ ಹಾಕಿದರೆ ಅದು ಊರಿಗೆ ಮುಟ್ಟಿದಂತಾಯಿತೆ? ಮೊದಲನೆಯ ದಾರಿ ಇನ್ನೂ ಕೂಡಿಕೊಳ್ಳುತ್ತಿರುವಾಗಲೇ ಎರಡನೆಯದೂ ಕಡಿದುಬಿದ್ದಿತು. ಎರಡು ದಾರಿಯೂ ಇಲ್ಲದಾಗ ಕಾಯುತ್ತಿರು ಎಂದು ಮೇಸ್ತ್ರಿಗೆ ಯಾರೂ ಹೇಳಿಟ್ಟಿರಲಿಲ್ಲ. ಡಿಸ್ಕೇ ಹೋಯಿತೆಂದು ಅವನು ವರದಿ ಕೊಟ್ಟ. ಬರೆಯಲಾಗದೆ ಹೋದ ಕಡತವ್ಯವಸ್ಥೆ ತನ್ನನ್ನು ತಾನು ಕಾಪಾಡಿಕೊಳ್ಳಲು, ಓದಬಹುದು, ಬರೆಯಕೂಡದು ಎಂಬ ಸ್ಥಿತಿಗೆ ಹೋಯಿತು. ಅದರ ಮೇಲೆ ನಿಂತಿದ್ದ ರೋಗಿಗಳ ದಾಖಲೆಯ ಪುಸ್ತಕ ಮುಚ್ಚಿಕೊಂಡಿತು. ಬೆಳಗಿನ ಜಾವ ಶಸ್ತ್ರಚಿಕಿತ್ಸೆಗೆ ಸಿದ್ಧಮಾಡಿದ್ದ ಒಬ್ಬ ಹೆಂಗಸಿನ ರಕ್ತಪರೀಕ್ಷೆಯ ವರದಿ ಅದರೊಳಗಿತ್ತು. ಮತ್ತೆ ರಕ್ತ ತೆಗೆದು, ಪರೀಕ್ಷೆ ಮಾಡಿ, ಚಿಕಿತ್ಸೆ ಆರಂಭವಾಗುವಷ್ಟರಲ್ಲಿ ಎರಡು ಗಂಟೆ ತಡವಾಯಿತು. ಆಕೆ ಉಳಿದಳು. "ಆದರೆ ಆ ಎರಡು ಗಂಟೆ ಆಕೆಯ ಮಗ ಮೆಟ್ಟಿಲ ಮೇಲೆ ಕೂತಿದ್ದ. ನಾನು ಅವನ ಮುಂದೆಯೇ ನಾಲ್ಕು ಸಲ ಹಾದುಹೋದೆ. ಅವನಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ," ಎಂದರು ಮಾವ. ಸ್ವಲ್ಪ ಹೊತ್ತಿನ ಮೇಲೆ, "ಹೊಸ ಡಿಸ್ಕು ಕಾಣೋದಕ್ಕೆ ಲಿಪ್ಪೇ ಬೇಕಾಗಿರಲಿಲ್ಲ ಕಣೋ," ಎಂದು ಸೇರಿಸಿದರು.

ಹಾಗಾದರೆ ಬೇಕಾಗಿದ್ದುದೇನು? ರೀಸೆಟ್ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಹಲವು ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಕೆಳಗಿನದು ಬರಿಯ ಹುಡುಕಾಟ. 'ಸ್ಕಸಿ_ಹೋಸ್ಟ್' ಕೋಶದ 'ಸ್ಕ್ಯಾನ್' ಎಂಬ ಕಡತದಲ್ಲಿ ಮೂರು ಅಡ್ಡಗೆರೆಗಳನ್ನು ನಡುವೆ ಜಾಗ ಬಿಟ್ಟು ಬರೆಯಬೇಕು: "- - -". ಯಾವ ಕವಲಾದರೂ ಸರಿ, ಯಾವ ಗುರಿಯಾದರೂ ಸರಿ, ಯಾವ ಡಿಸ್ಕಾದರೂ ಸರಿ, ಹೊಸದಾಗಿ ಬಂದುದನ್ನು ಹುಡುಕು ಎಂದು ಅದರ ಅರ್ಥ. ಇದರಿಂದ ಕೊಂಡಿ ಕಡಿಯುವುದಿಲ್ಲ. ಹೊಸ ಡಿಸ್ಕು ಕಾಣದಿದ್ದಾಗ ಮೊದಲು ಮಾಡಬೇಕಾದುದು ಇಷ್ಟೆ.

ಎರಡನೆಯ ಮೆಟ್ಟಿಲು ಲಿಪ್. ಕೊಂಡಿ ಚೆನ್ನಾಗಿದ್ದೂ ಎರಡು ಕಡೆಯವರ ಪರಿಚಯ ತಪ್ಪಿಹೋಗಿದ್ದರೆ ಇದು ತಕ್ಕ ಔಷಧ. ಕೆಲವು ಸಲ ಹಿಂದೆ ಹೇಳಿದ ರಹದಾರಿಗಳು ದಾರಿಯಲ್ಲಿಯೇ ಕಳೆದುಹೋಗಿ, ಎರಡು ಕಡೆಯವರೂ ಒಬ್ಬರನ್ನೊಬ್ಬರು ಕಾಯುತ್ತ ನಿಂತುಬಿಡುವುದುಂಟು. ಕೊಂಡಿಯನ್ನು ಹೊಸದಾಗಿ ಕೂಡಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಮೂರನೆಯದು ಕಾರ್ಡನ್ನೇ ಮರುಹೊಂದಿಸುವುದು. 'ಸ್ಕಸಿ_ಹೋಸ್ಟ್' ಕೋಶದ 'ಹೋಸ್ಟ್_ರೀಸೆಟ್' ಎಂಬ ಕಡತದಲ್ಲಿ 'ಅಡಾಪ್ಟರ್' ಎಂದು ಬರೆದರೆ, ಚಾಲಕಕ್ಕೆ ಆ ಸಾಮರ್ಥ್ಯವಿದ್ದಲ್ಲಿ, ಇದು ನಡೆಯುತ್ತದೆ. ನಾಲ್ಕನೆಯದು ಚಾಲಕವನ್ನೇ ಕಿತ್ತು ಮತ್ತೆ ಹಾಕುವುದು. ಆ ಚಾಲಕವನ್ನು ನೆಚ್ಚಿಕೊಂಡ ಪೋರ್ಟುಗಳೆಲ್ಲ ಆಗ ಒಟ್ಟಿಗೆ ಹೋಗುತ್ತವೆ. ಕೊನೆಯದು ಯಂತ್ರವನ್ನು ಆರಿಸಿ ಹೊತ್ತಿಸುವುದು. ನಾನು ಮೊದಲು ಹೇಳಿದ ವೈದ್ಯ ಈ ಕೊನೆಯ ಮೆಟ್ಟಿಲಿನದು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿರುವುದು ಸುಳ್ಳಲ್ಲ.

ಇಲ್ಲಿ ಒಂದು ಸಣ್ಣ ತೊಡಕನ್ನೂ ಹೇಳಿಬಿಡಬೇಕು. ಈ ಕಡತಗಳಲ್ಲಿ ಬರೆಯಲು 'ರೂಟ್' ಎಂಬ ಯಜಮಾನನ ಅಧಿಕಾರ ಬೇಕು. 'ಸುಡೋ ಎಕೋ' ಎಂದು ಬರೆದು ಬಾಣದ ಗುರುತಿನಿಂದ ಕಡತಕ್ಕೆ ತಿರುಗಿಸಿದರೆ ಅಧಿಕಾರವಿಲ್ಲವೆಂಬ ಉತ್ತರ ಬಂದು ಹೊಸಬರು ದಿಕ್ಕುಗೆಡುತ್ತಾರೆ. ಅಲ್ಲಿ ಅಧಿಕಾರ ಸಿಕ್ಕಿದ್ದು 'ಎಕೋ'ಗೆ ಮಾತ್ರ. ಬಾಣದ ಕೆಲಸ ಮಾಡುವವನು ನಮ್ಮ ಸಾಮಾನ್ಯ ಬಳಕೆದಾರನೇ. ಬದಲಿಗೆ 'ಎಕೋ'ದ ಮಾತನ್ನು 'ಸುಡೋ ಟೀ' ಎಂಬುದಕ್ಕೆ ಒಪ್ಪಿಸಿದರೆ ಕೆಲಸ ನಡೆಯುತ್ತದೆ.

ಆ ರಾತ್ರಿಯ ಕಥೆಗೆ ಹಿಂದಿರುಗೋಣ. ಹೊಸ ಕೇಬಲು ಹಾಕಿ ಸ್ವಿಚ್ಚಿನ ಬಾಗಿಲು ತೆರೆದ ಮೇಲೆ ಹೋಸ್ಟ್ ೨ ಲಿಂಕ್‌ಡೌನ್ ಹೋಗಿ ಆನ್‌ಲೈನ್ ಆಯಿತು. ಆದರೆ 'ಎಫ್‌ಸಿ_ರಿಮೋಟ್_ಪೋರ್ಟ್ಸ್' ಎಂಬ ಕೋಶದಲ್ಲಿ, ಎಂದರೆ ಉಗ್ರಾಣದ ಕಡೆಯ ಬಾಗಿಲುಗಳ ಪಟ್ಟಿಯಲ್ಲಿ, ಎರಡರಲ್ಲಿ ಒಂದು ಮಾತ್ರ ಆನ್‌ಲೈನ್ ಎಂದಿತ್ತು. ಇನ್ನೊಂದು 'ನಾಟ್ ಪ್ರೆಸೆಂಟ್' ಎಂದಿತ್ತು. ಸ್ವಲ್ಪ ಹೊತ್ತು ಕಾದರೂ ಬದಲಾಗಲಿಲ್ಲ. ಇಲ್ಲಿ ಲಿಪ್ಪಿಗೆ ಸ್ಥಳವಿತ್ತು. ಮಾವನವರು ಮೊದಲು ಪೋರ್ಟ್_ನೇಮನ್ನು ಕಾಗದದಲ್ಲಿದ್ದ ಹೆಸರಿನೊಡನೆ ಅಕ್ಷರ ಅಕ್ಷರವಾಗಿ ತಾಳೆ ನೋಡಿದರು. ಮಲ್ಟಿಪಾತಿನ ಪಟ್ಟಿಯನ್ನು ಮತ್ತೊಮ್ಮೆ ತೆಗೆದು ಮೊದಲನೆಯ ದಾರಿ ಜೀವಂತವಾಗಿರುವುದನ್ನು ಖಚಿತಮಾಡಿಕೊಂಡರು. ಮೇಲಿನ ಅಂತಸ್ತಿಗೆ ದೂರವಾಣಿ ಮಾಡಿ ತಿಳಿಸಿದರು. ಅನಂತರ ಹೋಸ್ಟ್ ೨ರ 'ಇಶ್ಯೂ_ಲಿಪ್'ನಲ್ಲಿ ೧ ಎಂದು ಬರೆದು, ಎರಡು ಕೈಗಳನ್ನೂ ಕೀಲಿಮಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಲಿನಕ್ಸಿನ ತಿರುಳು ಬರೆಯುವ ದಿನಚರಿಯನ್ನು, 'ಡಿಮೆಸೇಜ್' ಎಂಬ ಆಜ್ಞೆ ತೋರಿಸುವುದನ್ನು, ನೋಡುತ್ತ ಕುಳಿತರು. ಕೊಂಡಿ ಇಳಿಯಿತು, ಕೊಂಡಿ ಏರಿತು ಎಂಬ ಸಾಲುಗಳು ಬಂದುವು. ನಾಟ್ ಪ್ರೆಸೆಂಟ್ ಎಂದಿದ್ದ ಬಾಗಿಲು ಆನ್‌ಲೈನ್ ಆಯಿತು. ಮಲ್ಟಿಪಾತಿನ ಪಟ್ಟಿ ಭರ್ತಿಯಾಯಿತು. ತಾಳೆಯಾಗದ ಮೂಟೆಗಳ ಲೆಕ್ಕವನ್ನು ಬರೆದುಕೊಂಡು, ಬೆಳಗಿನವರೆಗೆ ಮೂರು ಸಲ ನೋಡಿದೆವು. ಅದು ಏರಲಿಲ್ಲ.

ಬೆಳಗ್ಗೆ ಹೊರಡುವ ಮುಂಚೆ ನಾನು ಆ ಕೋಶದ ಕಡತಗಳ ಪಟ್ಟಿಯನ್ನು ಹಕ್ಕುಗಳ ಸಹಿತವಾಗಿ ತೋರಿಸಬೇಕೆಂದು ಕೇಳಿದೆ. ಪ್ರತಿಯೊಂದು ಕಡತಕ್ಕೂ ಯಾರು ಓದಬಹುದು, ಯಾರು ಬರೆಯಬಹುದು ಎಂಬ ಗುರುತು ಲಿನಕ್ಸಿನಲ್ಲಿ ಇದೆ. ಪೋರ್ಟ್_ನೇಮ್, ಪೋರ್ಟ್_ಸ್ಟೇಟ್, ಸ್ಪೀಡ್ ಇವುಗಳನ್ನು ಯಂತ್ರದಲ್ಲಿ ಖಾತೆಯುಳ್ಳ ಯಾರು ಬೇಕಾದರೂ ಓದಬಹುದು. ಇಶ್ಯೂ_ಲಿಪ್ ಎಂಬುದನ್ನು ಯಾರೂ ಓದುವಂತಿಲ್ಲ, ಬರೆಯಬಲ್ಲವನು ಯಜಮಾನನೊಬ್ಬನೇ. ನೋಡುವುದಕ್ಕೆ ಎಲ್ಲರಿಗೂ ಹಕ್ಕು, ಮುಟ್ಟುವುದಕ್ಕೆ ಒಬ್ಬನಿಗ ಮಾತ್ರ. ಇದನ್ನು ರಚಿಸಿದವರು ಎರಡರ ತೂಕವನ್ನೂ ಬಲ್ಲವರು.

ಯಜಮಾನನ ಹಕ್ಕು ಕೈಯಲ್ಲಿದ್ದೂ ಮೊದಲು ಸಾಮಾನ್ಯನಂತೆ ನೋಡುವುದು, ಕೆಳಗಿನ ಮೆಟ್ಟಿಲಿನಿಂದ ಆರಂಭಿಸುವುದು, ಇನ್ನೊಂದು ದಾರಿ ಜೀವಂತವಿದೆಯೆ ಎಂದು ಎಣಿಸುವುದು, ಒಂದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟದಿರುವುದು ಇವು ನಾಲ್ಕೇ ಆ ವಿದ್ಯೆಯ ಸಾರವೆಂದು ನನಗೆ ತೋರಿತು. ಆಸ್ಪತ್ರೆಯಿಂದ ಹೊರಗೆ ಬರುವಾಗ ಮೆಟ್ಟಿಲುಗಳ ಮೇಲೆ ರೋಗಿಗಳ ಕಡೆಯವರು ಹಲವರು ಕುಳಿತಿದ್ದರು. ಮಾವನವರು ಅವರ ನಡುವೆ ನಿಧಾನವಾಗಿ, ಯಾರ ಕಾಲನ್ನೂ ತುಳಿಯದಂತೆ, ಇಳಿದು ಬಂದರು.